ಮರುದಿನದ ಸೂಜಿ

ನಮ್ಮ ಅಣ್ಣನ ಮಗನಿಗೆ ಈಗ ಇಪ್ಪತ್ತೊಂದು. ಒಂಬತ್ತನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದವನು. ಅಮೆರಿಕದಲ್ಲಿ ಓದುತ್ತಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಅತ್ತೆ, ಈ ಸಲ ರಜೆಗೆ ಊರಿಗೆ ಬರಲ್ಲ. ಎಕ್ವಡಾರ್‌ಗೆ ಹೋಗ್ತಿದ್ದೀನಿ. ಅಲ್ಲಿ ಶುಗರ್ ಇರೋ ಮಕ್ಕಳಿಗೆ ಒಂದು ಕ್ಯಾಂಪ್ ಮಾಡ್ತಾರೆ, ನಾನು ವಾಲಂಟಿಯರ್" ಅಂದ. ಅಮ್ಮನಿಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ನನ್ನ ಮೂಲಕ ಹೇಳಿಸುವ ಹುನ್ನಾರ ಅದು. ಹೇಳಿದೆ. ಅತ್ತಿಗೆ ಒಗ್ಗರಣೆ ಸೌಟು ಕೆಳಗಿಟ್ಟು, "ಆ ದೇಶ ಎಲ್ಲಿದೆ ಅಂತ ನಿಮಗಾದ್ರೂ ಗೊತ್ತಾ? ನಮ್ಮೂರಲ್ಲಿ ಇಲ್ವಾ ಅಂಥ ಮಕ್ಕಳು? ಇವನ ಸೂಜಿ ಇವನು ನೆಟ್ಟಗೆ ಚುಚ್ಚಿಕೊಂಡ್ರೆ ಸಾಕಾಗಿದೆ ನಂಗೆ" ಅಂದರು.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ, ಭೂಮಧ್ಯರೇಖೆಯ ಮೇಲೆ. ಎರಡನೆಯದು ನನ್ನನ್ನು ವಾರಗಟ್ಟಲೆ ಕಾಡಿತು. ಈ ಅಂಕಣ ಅದಕ್ಕೇ.

ನಮ್ಮಲ್ಲಿ ಸಕ್ಕರೆ ಕಾಯಿಲೆ ಅಂದರೆ ಐವತ್ತು ದಾಟಿದವರ ಮಾತು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಇಟ್ಟು ನಗುವವರ, ಬೆಳಿಗ್ಗೆ ಪಾರ್ಕಿನಲ್ಲಿ ಕೈ ಬೀಸಿ ನಡೆಯುವವರ ಕಾಯಿಲೆ. ಮಕ್ಕಳಿಗೆ ಬರುವುದು ಬಹುಪಾಲು ಬೇರೆಯದೇ ಆದ ಟೈಪ್ 1. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಿಕ್ಕು ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. ಮಗು ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇಲ್ಲವಾದಾಗ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತದೆ, ಜೀವಕೋಶಗಳು ಮಾತ್ರ ಉಪವಾಸ. ದೇಹ ಬೇರೆ ದಾರಿ ಕಾಣದೆ ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತವನ್ನು ಹುಳಿಯಾಗಿಸುತ್ತವೆ. ವಾಂತಿ, ಹೊಟ್ಟೆನೋವು, ಏದುಸಿರು, ಆಮೇಲೆ ಪ್ರಜ್ಞೆ ತಪ್ಪುವುದು. ಇನ್ಸುಲಿನ್ ಸಿಗದಿದ್ದರೆ ಸಾವು.

ನಮ್ಮ ಹುಡುಗ ಹಾಸಿಗೆ ಒದ್ದೆ ಮಾಡತೊಡಗಿದಾಗ ಎಲ್ಲರೂ ನಕ್ಕಿದ್ದೆವು. ಒಂಬತ್ತು ವರ್ಷದ ಗಂಡುಹುಡುಗ, ನಾಚಿಕೆಯಾಗಲ್ವೇನೋ ಅಂತ. ಬಿಂದಿಗೆ ಬಿಂದಿಗೆ ನೀರು ಕುಡಿಯುತ್ತಿದ್ದ. ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬ ವೈದ್ಯರು ಜಂತುಹುಳು ಅಂದರು, ಇನ್ನೊಬ್ಬರು ಮೂತ್ರದ ಸೋಂಕು ಅಂದರು. ಮೂರನೆಯ ಜಾಗದಲ್ಲಿ ಒಬ್ಬ ನರ್ಸ್ ಮಗುವಿನ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಹಿಡಿದು ಬೆರಳು ಚುಚ್ಚಿ ನೋಡಿದರು. ಮೀಟರ್ ಅಂಕಿ ತೋರಿಸಲೇ ಇಲ್ಲ, ಬರೀ 'ಹೈ' ಅಂತ ಬರೆದುಕೊಂಡಿತ್ತು. ಐದು ದಿನ ತೀವ್ರ ನಿಗಾ ಘಟಕ. ಆ ನರ್ಸ್ ಮುಖ ನನಗೆ ಈಗಲೂ ನೆನಪಿದೆ, ಹೆಸರು ಕೇಳಿಕೊಳ್ಳಲಿಲ್ಲ ಅನ್ನುವುದು ಹಳಹಳಿ.

ಆದ್ದರಿಂದ ಅತ್ತಿಗೆಯ ಪ್ರಶ್ನೆ ಹಗುರದ್ದಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಟ್ಲಾಸ್ ಪ್ರಕಾರ, ಇಪ್ಪತ್ತು ವರ್ಷದೊಳಗಿನ ಟೈಪ್ 1 ಮಕ್ಕಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಭಾರತದಲ್ಲಿ, ಸುಮಾರು 2.29 ಲಕ್ಷ. ಊರಲ್ಲಿ ಇಲ್ವಾ ಎಂದರೆ ಇದ್ದಾರೆ, ಬೇಕಾದಷ್ಟು ಇದ್ದಾರೆ. ಆದರೂ ಹೊರಗೆ ಹೋಗುವುದರಲ್ಲಿ ಅರ್ಥವಿದೆಯೇ? ಇದ್ದರೆ ಅದು ಯಾವ ಬಗೆಯದು?

ಈ ದಾರಿಯನ್ನು ತುಳಿದವರಲ್ಲಿ ನನಗೆ ಇಷ್ಟವಾದ ಕಥೆ ಇಬ್ಬರು ಹೈಸ್ಕೂಲು ಹುಡುಗರದು. 1996ರಲ್ಲಿ ಅಮೆರಿಕದ ಜೆಸ್ಸಿ ಫುಕ್ಸ್-ಸೈಮನ್ ಮತ್ತು ನಿಕೊಲಸ್ ಕಟ್ರಿಸ್ ಸೇರಿ ಒಂದು ಪುಟ್ಟ ಸಂಸ್ಥೆ ಕಟ್ಟಿದರು. ಎಕ್ವಡಾರ್‌ನಲ್ಲಿದ್ದ, ಟೈಪ್ 1 ಬಂದಿದ್ದ ಒಬ್ಬ ಚಿಕ್ಕ ಗೆಳೆಯ ಅದಕ್ಕೆ ಪ್ರೇರಣೆ. ಹೆಸರು 'ಅಮೆರಿಕನ್ ಯೂತ್ ಅಂಡರ್‌ಸ್ಟ್ಯಾಂಡಿಂಗ್ ಡಯಾಬಿಟಿಸ್ ಅಬ್ರಾಡ್'. ಮೊದಲಕ್ಷರಗಳನ್ನು ಕೂಡಿಸಿದರೆ ಅಯೂದಾ, ಸ್ಪ್ಯಾನಿಷ್‌ನಲ್ಲಿ 'ನೆರವು'. ಹದಿಹರೆಯದವರಿಗೆ ಇಂಥ ಹೆಸರು ಹೊಳೆದರೆ ಸಂಸ್ಥೆ ಕಟ್ಟದೆ ಬಿಡುತ್ತಾರೆಯೇ! ಮಧುಮೇಹಿ ಮಕ್ಕಳಿಗಾಗಿ ಎಕ್ವಡಾರ್‌ನವರೇ ನಡೆಸುವ ಪ್ರತಿಷ್ಠಾನದ ಜೊತೆ ಸೇರಿ, ಕ್ಯಾಂಪೊ ಅಮಿಗೊ, ಅಂದರೆ ಗೆಳೆಯರ ಶಿಬಿರ, ಎಂಬ ಹೆಸರಿನಲ್ಲಿ ಮಕ್ಕಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಕೈ ಜೋಡಿಸಿದರು. ಸ್ವಯಂಸೇವಕರಾಗಿ ಹೋದವರಲ್ಲಿ ಬಹಳ ಜನ ಹದಿಹರೆಯದವರು, ಕಾಲೇಜು ಓದುವವರು. ಕೆಲವರಿಗೆ ಟೈಪ್ 1 ಇತ್ತು, ಕೆಲವರಿಗೆ ಇರಲಿಲ್ಲ. ಕಟ್ರಿಸ್ ಮುಂದೆ ಮಕ್ಕಳ ಹಾರ್ಮೋನು ತಜ್ಞರಾದರು.

ಆಗಿನ ಎಕ್ವಡಾರ್ ಎಂಥದ್ದು ಎಂಬುದನ್ನೂ ನೋಡಬೇಕು. ಸಂಸ್ಥೆ ಹುಟ್ಟಿದ ಮೂರೇ ವರ್ಷಕ್ಕೆ, 1999ರಲ್ಲಿ, ಆ ದೇಶದ ಬ್ಯಾಂಕುಗಳು ಮುಗ್ಗರಿಸಿದವು, ಸರ್ಕಾರ ಜನರ ಠೇವಣಿಗಳಿಗೆ ಬೀಗ ಹಾಕಿತು. 2000ದಲ್ಲಿ ಸ್ವಂತ ನಾಣ್ಯವನ್ನೇ ಕೈಬಿಟ್ಟು ಅಮೆರಿಕದ ಡಾಲರ್ ಹಿಡಿಯಿತು. (ಬಿಟ್ಟ ನಾಣ್ಯದ ಹೆಸರು ಸುಕ್ರೆ. ನಮ್ಮ ಸಕ್ಕರೆಗೂ ಅದಕ್ಕೂ ನಂಟಿಲ್ಲ, ಅದೊಬ್ಬ ದಂಡನಾಯಕನ ಹೆಸರು.) ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿ ಸಿಕ್ಕಿಕೊಂಡಿರುವಾಗ, ಮಗುವಿಗೆ ಈ ತಿಂಗಳ ಇನ್ಸುಲಿನ್ ಸೀಸೆ ಕೊಳ್ಳಬೇಕಾದ ತಂದೆತಾಯಿಯ ಸ್ಥಿತಿ ಹೇಗಿದ್ದಿರಬಹುದು? ಸಾಲ ತಂದು ಬದುಕುವ ಮನೆಗಳಲ್ಲಿ ಇಂಥ ಸಮಯದಲ್ಲಿ ಸೀಸೆಯನ್ನು 'ಎಳೆದು ಬಳಸುವುದು' ಶುರುವಾಗುತ್ತದೆ: ಹತ್ತು ಯುನಿಟ್ ಬೇಕಾದಲ್ಲಿ ಎಂಟು, ಆಮೇಲೆ ಆರು. ಆಸ್ಪತ್ರೆಯ ದಾಖಲೆಯಲ್ಲಿ ಅದು ಕಾಣುವುದಿಲ್ಲ, ಮಗುವಿನ ತೂಕದಲ್ಲಿ ಕಾಣುತ್ತದೆ.

ಬಡತನ ಮತ್ತು ಟೈಪ್ 1 ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕಾಚಾರವನ್ನು ಓದಿದ ಮೇಲೆ ನನಗೆ ಆ ದಿನ ಊಟ ಸೇರಲಿಲ್ಲ. 2021ರಲ್ಲಿ ಹತ್ತು ವರ್ಷದ ಒಂದು ಮಗುವಿಗೆ ಟೈಪ್ 1 ಪತ್ತೆಯಾಯಿತು ಅಂದುಕೊಳ್ಳಿ. ಶ್ರೀಮಂತ ದೇಶದಲ್ಲಿದ್ದರೆ ಅದು ಸರಾಸರಿ ಇನ್ನೂ 65 ವರ್ಷ ಬದುಕುತ್ತದೆ. ತೀರಾ ಬಡ ದೇಶದಲ್ಲಿದ್ದರೆ 13 ವರ್ಷ. ಕಾಯಿಲೆ ಒಂದೇ, ಔಷಧವೂ ಒಂದೇ, ಅದೂ ನೂರು ವರ್ಷ ಹಳೆಯದು.

ಆ ಔಷಧದ ಕಥೆ ಗೊತ್ತಿರುವುದೇ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲೆನರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಔಷಧ ಶುದ್ಧವಾಗಿರದೆ ಪ್ರಯೋಜನವಾಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿಕೊಟ್ಟ ಮೇಲೆ, ಅದೇ ತಿಂಗಳ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೆಚ್ಚು ಹೇಳದ ಇನ್ನೊಂದು ಇಸವಿ 1925. ಇನ್ಸುಲಿನ್ ಬಂದು ಮೂರೇ ವರ್ಷಕ್ಕೆ ಮಿಷಿಗನ್‌ನ ಲೆನರ್ಡ್ ವೆಂಟ್ ಎಂಬ ವೈದ್ಯರು ಮಧುಮೇಹಿ ಮಕ್ಕಳಿಗಾಗಿ ಬೇಸಿಗೆ ಶಿಬಿರ ಶುರುಮಾಡಿದರು. 1932ರಲ್ಲಿ ಮ್ಯಾಸಚುಸೆಟ್ಸ್‌ನಲ್ಲಿ, ಅಮೆರಿಕದ ರೆಡ್ ಕ್ರಾಸ್ ಸ್ಥಾಪಿಸಿದ ಕ್ಲಾರಾ ಬಾರ್ಟನ್ ಹುಟ್ಟಿದ ಮನೆಯ ಜಾಗದಲ್ಲಿ, ಹುಡುಗಿಯರಿಗೆಂದೇ ಇನ್ನೊಂದು ಶುರುವಾಯಿತು. ಔಷಧ ಕಂಡುಹಿಡಿದ ಕೂಡಲೇ ವೈದ್ಯರಿಗೆ ಅರ್ಥವಾಗಿದ್ದ ವಿಷಯ ಇದು: ಸೀಸೆ ಮಗುವನ್ನು ಬದುಕಿಸುತ್ತದೆ, ಆದರೆ ಸೀಸೆ ಹಿಡಿದುಕೊಂಡು ಬದುಕುವುದನ್ನು ಮಗು ಕಲಿಯಬೇಕಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಲ್ಲ, ಆಟದ ಬಯಲಿನಲ್ಲಿ.

ಹೊರದೇಶಕ್ಕೆ ಸೇವೆಗೆ ಹೊರಡುವವರಿಗೆ ಮೊದಲು ಹೊಳೆಯುವುದು ಸೂಟ್‌ಕೇಸ್. ಮನೆಯಲ್ಲಿ ಉಳಿದ ಇನ್ಸುಲಿನ್, ಹಳೆಯ ಮೀಟರ್, ಸಿರಿಂಜ್, ಗೆಳೆಯರ ಮನೆಗಳಿಂದ ಕೂಡಿಹಾಕಿದ ಸ್ಟ್ರಿಪ್ ಡಬ್ಬಿ, ಎಲ್ಲ ತುಂಬಿಕೊಂಡು ಹೋಗಿ ಹಂಚಿಬಿಡೋಣ ಅಂತ. ನಮ್ಮ ಹುಡುಗನೂ ಅದನ್ನೇ ಹೇಳಿದ. ಇದರ ಒಳಸುಳಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲೇ.

ಗ್ಲೂಕೋಮೀಟರ್ ಅನ್ನುವುದು ಒಂದು ಬೀಗದ ಹಾಗೆ. ಅದರದೇ ಸ್ಟ್ರಿಪ್ ಹಾಕಿದರೆ ಮಾತ್ರ ತೆರೆಯುತ್ತದೆ, ಬೇರೆ ಕಂಪನಿಯದು ಹಾಕಿದರೆ ಸುಮ್ಮನಿರುತ್ತದೆ. ದಾನ ಕೊಟ್ಟ ಮೀಟರಿನ ಜೊತೆ ಬಂದ ಐವತ್ತು ಸ್ಟ್ರಿಪ್, ದಿನಕ್ಕೆ ನಾಲ್ಕರಂತೆ ಎರಡು ವಾರವೂ ಬರುವುದಿಲ್ಲ. ಆ ಊರಿನ ಔಷಧದಂಗಡಿಯಲ್ಲಿ ಆ ಸ್ಟ್ರಿಪ್ ಸಿಗದಿದ್ದರೆ ಮೀಟರ್ ಮಗುವಿನ ಆಟಿಕೆ. ಇದಕ್ಕಿಂತ ಅಪಾಯದ್ದು ಸಿರಿಂಜ್. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಬರುವುದು ಮಿಲಿಲೀಟರಿಗೆ 40 ಯುನಿಟ್ ಲೆಕ್ಕದಲ್ಲಿ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೆರಿಕ, ಯುರೋಪುಗಳಲ್ಲಿ ಮಿಲಿಲೀಟರಿಗೆ 100 ಯುನಿಟ್, ಕಿತ್ತಳೆ ಮುಚ್ಚಳ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದು ಹತ್ತರ ಗೆರೆಗೆ ನಿಲ್ಲಿಸಿದರೆ ಮೈಗೆ ಹೋಗುವುದು ಹತ್ತಲ್ಲ, ಇಪ್ಪತ್ತೈದು. ಒಂದು ಮಗುವನ್ನು ಮೂರ್ಛೆಗೆ ತಳ್ಳಲು ಅಷ್ಟು ಸಾಕು. ತಿರುಗಾಮುರುಗಾ ಆದರೆ ಹತ್ತರ ಜಾಗದಲ್ಲಿ ನಾಲ್ಕು ಹೋಗುತ್ತದೆ, ಸಕ್ಕರೆ ಏರುತ್ತಲೇ ಇರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಅಳತೆಯ ಭಾಷೆಯೂ ಬೇರೆ ಬೇರೆ. ನಾವು, ಅಮೆರಿಕದವರು ರಕ್ತದ ಸಕ್ಕರೆಯನ್ನು ಮಿಲಿಗ್ರಾಂನಲ್ಲಿ ಹೇಳುತ್ತೇವೆ. ಬ್ರಿಟನ್, ಆಸ್ಟ್ರೇಲಿಯಾದವರು ಮಿಲಿಮೋಲ್‌ನಲ್ಲಿ. ನಡುವಿನ ಲೆಕ್ಕ 18ರ ಮಗ್ಗಿ. ಲಂಡನ್ನಿನಿಂದ ಬಂದವಳು "ಏಳಿದೆ, ಪರವಾಗಿಲ್ಲ" ಅಂದರೆ ಅವಳ ಪ್ರಕಾರ 126. ನಮ್ಮ ಕಿವಿಗೆ ಏಳು ಅಂದರೆ ಎದೆ ಝಲ್ಲೆನ್ನುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆಂದೇ ನಿಯಮಗಳನ್ನು ಬರೆದಿಟ್ಟಿದೆ. ಅದರಲ್ಲೊಂದು: ದಾನದ ಔಷಧ ಆ ದೇಶ ತಲುಪುವ ಹೊತ್ತಿಗೆ ಅದರ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು. ನಮ್ಮ ಮನೆಯ ಫ್ರಿಜ್ಜಿನ ಮೂಲೆಯಲ್ಲಿ ಉಳಿದ ಸೀಸೆಗಳಲ್ಲಿ ಎಷ್ಟು ಆ ಪರೀಕ್ಷೆ ಪಾಸಾಗುತ್ತವೆ? ಹೀಗಾಗಿ ಈ ಕೆಲಸವನ್ನು ಗಂಭೀರವಾಗಿ ಮಾಡುವವರು ಸೂಟ್‌ಕೇಸಿನ ದಾರಿ ಬಿಟ್ಟು, ಒಂದು ಊರಿನ ಚಿಕಿತ್ಸಾ ಕೇಂದ್ರದ ಜೊತೆ ವರ್ಷಗಳ ಒಪ್ಪಂದ ಮಾಡಿಕೊಳ್ಳುತ್ತಾರೆ. 2000ದಲ್ಲಿ ಶುರುವಾದ 'ಲೈಫ್ ಫಾರ್ ಎ ಚೈಲ್ಡ್' ಕಾರ್ಯಕ್ರಮ ಹಾಗೆಯೇ ನಡೆಯುತ್ತದೆ. ಮಗುವಿಗೆ ಇನ್ಸುಲಿನ್, ಸ್ಟ್ರಿಪ್ ತಲುಪಿಸುವುದು ಆ ದೇಶದ ಕೇಂದ್ರವೇ. ನಡುವೆ ಯಾರ ಫೋಟೋವೂ ಇರುವುದಿಲ್ಲ.

ಹಾಗಾದರೆ ಸ್ವಯಂಸೇವಕ ಏನು ಒಯ್ಯಬೇಕು? ಅಲ್ಲಿ ಅವನ ಕೆಲಸವೇನು?

ಔಷಧದ ಪ್ರಮಾಣ ನಿರ್ಧರಿಸುವುದಂತೂ ಅಲ್ಲ. ಅದು ಶಿಬಿರದ ವೈದ್ಯರ ಕೆಲಸ, ಅವರು ಆ ನೆಲದವರೇ ಆಗಿದ್ದರೆ ಚೆನ್ನ. ಸ್ವಯಂಸೇವಕನ ಕೆಲಸ ಹೇಳಿಕೊಳ್ಳಲು ಅಷ್ಟೇನೂ ದೊಡ್ಡದಲ್ಲ. ಎಂಟು ಹತ್ತು ಮಕ್ಕಳ ಗುಂಪಿನ ಜೊತೆ ಉಣ್ಣಬೇಕು, ಓಡಬೇಕು, ಮಲಗಬೇಕು. ತಿಂಡಿಗೆ ಮುಂಚೆ, ಊಟಕ್ಕೆ ಮುಂಚೆ, ಮಲಗುವ ಮುಂಚೆ ಎಲ್ಲರ ಬೆರಳು ಚುಚ್ಚಿಸಿ ಅಂಕಿ ಬರೆದುಕೊಳ್ಳಬೇಕು. ಜೇಬಿನಲ್ಲಿ ಸದಾ ಸಕ್ಕರೆ ಇರಬೇಕು. ಫುಟ್‌ಬಾಲ್ ಆಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಮಂಕಾಗಿ ಕೂತರೆ, ಬೆವರಿದರೆ, ಕೈ ನಡುಗಿದರೆ, ಕಾರಣವಿಲ್ಲದೆ ಜಗಳ ತೆಗೆದರೆ, ಅದು ಸಿಟ್ಟೋ 'ಲೋ'ನೋ, ಅಂದರೆ ರಕ್ತದ ಸಕ್ಕರೆ ಇಳಿದದ್ದೋ, ಎಂದು ಗುರುತಿಸಬೇಕು. 70ಕ್ಕಿಂತ ಕೆಳಗಿದ್ದರೆ ಹದಿನೈದು ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡುವುದು. ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರುವುದು.

ಶಿಬಿರದ ನಿಜವಾದ ಕೆಲಸ ರಾತ್ರಿಯದು. ಹಗಲೆಲ್ಲ ಬೆಟ್ಟ ಹತ್ತಿ, ಈಜಿ, ಕುಣಿದ ಮೈ ರಾತ್ರಿ ಸುಮ್ಮನಿರುವುದಿಲ್ಲ. ಖಾಲಿಯಾದ ಸ್ನಾಯುಗಳು ಗಂಟೆಗಟ್ಟಲೆ ರಕ್ತದಿಂದ ಸಕ್ಕರೆ ಹೀರಿಕೊಂಡು ಮತ್ತೆ ತುಂಬಿಕೊಳ್ಳುತ್ತವೆ. ಮಲಗುವಾಗ 140 ಇದ್ದ ಮಗು ಬೆಳಗಿನ ಜಾವ ಮೂರಕ್ಕೆ 50ಕ್ಕೆ ಇಳಿದಿರಬಹುದು. ಅದಕ್ಕಾಗಿಯೇ ಶಿಬಿರದ ವೈದ್ಯರು ಮೊದಲ ದಿನವೇ ಎಷ್ಟೋ ಮಕ್ಕಳ ಇನ್ಸುಲಿನ್ ತಗ್ಗಿಸುತ್ತಾರೆ, ಸ್ವಯಂಸೇವಕರು ಸರದಿಯಲ್ಲಿ ಎದ್ದು ಟಾರ್ಚ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾರೆ. ನಿದ್ದೆಯಲ್ಲಿರುವ ಮಗುವಿನ ಕೈಯನ್ನು ಹೊದಿಕೆಯಿಂದ ಮೆಲ್ಲಗೆ ಈಚೆ ತೆಗೆದು, ಬೆರಳಿನ ಪಕ್ಕಕ್ಕೆ ಚುಚ್ಚಿ, ಒಂದು ಹನಿ ರಕ್ತ. ನಮ್ಮ ಅತ್ತಿಗೆ ವರ್ಷಗಟ್ಟಲೆ ಇದನ್ನು ಮಾಡಿದ್ದಾರೆ. ಯಾರೂ ಅದಕ್ಕೆ ಸೇವೆ ಅಂತ ಹೆಸರಿಟ್ಟಿಲ್ಲ.

ಎಕ್ವಡಾರ್‌ನ ರಾಜಧಾನಿ ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೂ ಒಂಬೈನೂರು ಮೀಟರ್ ಇಟ್ಟಂತೆ. ಹೊಸಬರಿಗೆ ಮೆಟ್ಟಿಲು ಹತ್ತಿದರೂ ಏದುಸಿರು. ಅಂಥ ಎತ್ತರದಲ್ಲಿ ಕೆಲವು ಬಗೆಯ ಮೀಟರ್‌ಗಳೇ ಅಂಕಿ ತಪ್ಪು ಹೇಳುತ್ತವೆ. ಊಟವೋ, ಆಲೂಗಡ್ಡೆ ಸಾರು ಲೋಕ್ರೊ, ಬೇಯಿಸಿದ ದಪ್ಪ ಜೋಳದ ಕಾಳು, ಮರಗೆಣಸು, ಬಾಳೆಕಾಯಿ, ಎಲ್ಲದರ ಜೊತೆಗೂ ಅನ್ನ. ಜಗತ್ತಿಗೆ ಅತಿ ಹೆಚ್ಚು ಬಾಳೆಹಣ್ಣು ರಫ್ತು ಮಾಡುವ ದೇಶ ಅದು. ಒಟ್ಟಿನಲ್ಲಿ ತಟ್ಟೆ ತುಂಬ ಪಿಷ್ಟ.

ಇಲ್ಲಿ ನಮ್ಮ ಹುಡುಗನ ಒಂದು ಗುಟ್ಟು ಕೆಲಸಕ್ಕೆ ಬರುತ್ತದೆ ಅನ್ನಿಸುತ್ತದೆ. ಟೈಪ್ 1 ಇರುವವರು ತಿನ್ನುವ ಮೊದಲು ತಟ್ಟೆಯಲ್ಲಿರುವ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಯುನಿಟ್ ಚುಚ್ಚಿಕೊಳ್ಳಬೇಕು. ಅಮೆರಿಕದ ಮಕ್ಕಳು ಇದನ್ನು ಪೊಟ್ಟಣದ ಹಿಂದಿನ ಪಟ್ಟಿ ಓದಿ ಕಲಿಯುತ್ತಾರೆ. ಪೊಟ್ಟಣವಿಲ್ಲದ ಊಟ ಎದುರಿಗೆ ಬಂದರೆ ತಬ್ಬಿಬ್ಬು. ನಮ್ಮವನು ಕಲಿತದ್ದು ಅಜ್ಜಿಯ ಅಡುಗೆಮನೆಯಲ್ಲಿ. ಮುದ್ದೆಗೆ ಪಟ್ಟಿ ಅಂಟಿಸಿರುವುದಿಲ್ಲವಲ್ಲ! ಅಣ್ಣ ಒಂದು ತಕ್ಕಡಿ ತಂದು ತಿಂಗಳುಗಟ್ಟಲೆ ಎಲ್ಲವನ್ನೂ ತೂಗಿದ್ದ: ಒಂದು ಬಟ್ಟಲು ಅನ್ನಕ್ಕೆ ಸುಮಾರು 45 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣಿಗೆ 27ರ ಆಸುಪಾಸು. ಆಮೇಲೆ ಮನೆಯ ಒಂದೇ ಸೌಟಿಗೆ, ಒಂದೇ ಬಟ್ಟಲಿಗೆ ಲೆಕ್ಕ ಕಟ್ಟಿದರು. ಅಜ್ಜಿ ಮುದ್ದೆ ಕಟ್ಟುವ ಕೈಯ ಅಳತೆ ತಪ್ಪುತ್ತಿರಲಿಲ್ಲ. ತಕ್ಕಡಿ ಅಟ್ಟ ಸೇರಿತು. ಇನ್ನೊಬ್ಬರ ಮನೆಯ ಪಾತ್ರೆಯಲ್ಲೇ ಲೆಕ್ಕ ಹೂಡುವ ಈ ವಿದ್ಯೆಗೆ ಕಸ್ಟಮ್ಸ್ ಇಲ್ಲ, ಅವಧಿ ಮುಗಿಯುವುದಿಲ್ಲ. ಕೀಟೊದ ಒಬ್ಬ ತಾಯಿ ತನ್ನ ಸೌಟಿಗೆ ಎಷ್ಟು ಗ್ರಾಂ ಎಂದು ಒಮ್ಮೆ ಕಂಡುಕೊಂಡರೆ ಅದು ಅವಳದಾಗುತ್ತದೆ.

ಅಗ್ಗದ ತಿಳಿವಳಿಕೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇಟಲಿಯ ಪಾರ್ಮಾ ಪ್ರಾಂತ್ಯದ ಒಂದು ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಮಕ್ಕಳ ವೈದ್ಯರು ಶಾಲೆಗಳಿಗೆ, ಚಿಕಿತ್ಸಾಲಯಗಳಿಗೆ ಒಂದು ಭಿತ್ತಿಚಿತ್ರ ಹಂಚಿದರು. ನಿಮ್ಮ ಮಗು ಹೆಚ್ಚು ನೀರು ಕುಡಿಯುತ್ತಿದೆಯೇ, ಹೆಚ್ಚು ಮೂತ್ರಕ್ಕೆ ಹೋಗುತ್ತಿದೆಯೇ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂದಿದೆಯೇ, ಇಷ್ಟೇ ಅದರ ಸಾರ. ಅದಕ್ಕೂ ಮುಂಚೆ ಹೊಸದಾಗಿ ಪತ್ತೆಯಾಗುವ ಮಕ್ಕಳಲ್ಲಿ ನೂರಕ್ಕೆ 78 ಮಂದಿ ರಕ್ತ ಹುಳಿಯಾದ ಸ್ಥಿತಿಯಲ್ಲೇ ಆಸ್ಪತ್ರೆಗೆ ಬರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಅದು 12.5ಕ್ಕೆ ಇಳಿಯಿತು. ಒಂದು ಕಾಗದದ ಹಾಳೆ. ನಮ್ಮೂರಿನ ಶಾಲೆಯ ಗೋಡೆಯಲ್ಲಿ ಅದು ಇದ್ದಿದ್ದರೆ ನಾವು ಆ ಮಗುವನ್ನು ನೋಡಿ ನಗುತ್ತಿರಲಿಲ್ಲ. ಯಾವ ಶಾಲೆಯಲ್ಲೂ ಇನ್ನೂ ನಾನು ಕಂಡಿಲ್ಲ, ಡೆಂಗ್ಯೂ ಸೊಳ್ಳೆಯ ಚಿತ್ರ ಮಾತ್ರ ಎಲ್ಲ ಕಡೆ ಇದೆ.

ಕಲಿಸುವುದು ಒಂದೇ ದಿಕ್ಕಿನಲ್ಲಿ ಹರಿಯಬೇಕಾಗಿಲ್ಲ. ಇನ್ಸುಲಿನ್ ಫ್ರಿಜ್ಜಿನಲ್ಲೇ ಇರಬೇಕು, 2ರಿಂದ 8 ಡಿಗ್ರಿ, ಎಂಬುದು ಶ್ರೀಮಂತ ದೇಶಗಳ ಪಾಠ. ಫ್ರಿಜ್ ಇಲ್ಲದ ಮನೆಯ ಮಗು ಆ ಪಾಠದ ಪ್ರಕಾರ ದಿನಾ ಆಸ್ಪತ್ರೆಗೆ ನಡೆದು ಬಂದು ಚುಚ್ಚಿಸಿಕೊಳ್ಳಬೇಕು. ಕೆನ್ಯಾದ ದಡಾಬ್ ನಿರಾಶ್ರಿತರ ಶಿಬಿರದಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯವರು ಈ ಪಾಠವನ್ನು ಪರೀಕ್ಷಿಸಿದರು. ಗುಡಿಸಲುಗಳೊಳಗಿನ ತಾಪವನ್ನು ಅಳೆದು, ಜಿನೀವಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದೇ ಏರಿಳಿತವನ್ನು ಸೃಷ್ಟಿಸಿದರು. 25ರಿಂದ 37 ಡಿಗ್ರಿಯ ನಡುವೆ ನಾಲ್ಕು ವಾರ ಇಟ್ಟರೂ ಇನ್ಸುಲಿನ್ ಕೆಡಲಿಲ್ಲ ಎಂದು 2021ರಲ್ಲಿ ಪ್ರಕಟಿಸಿದರು. ಅದಕ್ಕೂ ಮೇಲಿನ ಸೆಕೆಯಿದ್ದಲ್ಲಿ? ಮಣ್ಣಿನ ಮಡಕೆ. ನೀರು ಒಸರಿ ಆವಿಯಾಗುವಾಗ ಮಡಕೆಯ ಹೊಟ್ಟೆ ತಂಪಾಗುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಕುಡಿಕೆಯಲ್ಲಿ ಸೀಸೆ, ಮೇಲೆ ಒದ್ದೆ ಬಟ್ಟೆ. ಹೊರಗಿನಿಂದ ಬಂದ ಸ್ವಯಂಸೇವಕ ಅದನ್ನು ನೋಡಿ ಕಲಿತು ಹೋಗಬೇಕು.

ಇನ್ನು ಸೇವೆಯ ಹೆಸರಿನ ಪ್ರವಾಸದ ಮಾತು. ಊರು ನೋಡಿದ ಹಾಗೂ ಆಯಿತು, ಪುಣ್ಯ ಕಟ್ಟಿಕೊಂಡ ಹಾಗೂ ಆಯಿತು ಎನ್ನುವ ಲೆಕ್ಕದಲ್ಲಿ ಹೋಗುವವರು ಕಡಿಮೆಯಿಲ್ಲ. ಮಕ್ಕಳನ್ನು ಅಪ್ಪಿಕೊಂಡ ಫೋಟೋ, ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು. ವಿಮಾನದ ದುಡ್ಡಿನಲ್ಲಿ ಒಂದು ಮಗುವಿನ ವರ್ಷದ ಇನ್ಸುಲಿನ್ ಬರುತ್ತಿತ್ತಲ್ಲ ಎಂಬ ಪ್ರಶ್ನೆಗೆ ಮುಖ ತಿರುಗಿಸಿದರೆ ಆಗದು. ನಾನು ಅದನ್ನು ಹುಡುಗನ ಮುಂದೆ ಹಾಗೆಯೇ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ನಾನು ವಾಪಸ್ ಬಂದ ಮಾರನೇ ದಿನ ಆ ಮಕ್ಕಳಿಗೆ ಸೂಜಿ ಯಾರು ಕೊಡಿಸ್ತಾರೆ ಅಂತ ಅವರನ್ನ ಕೇಳಿದ್ದೆ" ಅಂದ. ಅವರು ಅಂದರೆ ಶಿಬಿರ ನಡೆಸುವವರು. "ಏನಂದ್ರು?" "ಅಲ್ಲಿನ ಅಪ್ಪ ಅಮ್ಮಂದಿರದೇ ಒಂದು ಸಂಘ ಇದೆಯಂತೆ. ವರ್ಷ ಪೂರ್ತಿ ಅವರೇ ನೋಡ್ಕೊಳ್ಳೋದು. ನಾವು ಬರೀ ಒಂದು ವಾರದ ಕೂಲಿಗಳು ಅಂತ ಬರೆದಿದ್ರು."

ಈ ಉತ್ತರ ನನಗೆ ಹಿಡಿಸಿತು. ಇಂಥ ಸಂಸ್ಥೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಯಾರಾದರೂ ತಮ್ಮ ಮಕ್ಕಳನ್ನು ಕಳಿಸುವ ಮುಂಚೆ ಕೇಳಬೇಕಾದದ್ದು ಇದೊಂದನ್ನೇ. ಉತ್ತರವಾಗಿ ಹಂಚಿದ ವಸ್ತುಗಳ ಪಟ್ಟಿ ಬಂದರೆ ಹೋಗುವುದು ಬೇಡ.

ಊರಲ್ಲಿ ಇಲ್ವಾ ಎನ್ನುವುದಕ್ಕೆ ಮಾತ್ರ ಅವನು ನೇರ ಉತ್ತರ ಕೊಡಲಿಲ್ಲ. ಬದಲಿಗೆ ಒಂದು ಹಳೆಯ ದಿನ ನೆನಪಿಸಿದ. ಅವನಿಗೆ ಹನ್ನೊಂದು ವರ್ಷ. ಬೆಂಗಳೂರಿನಲ್ಲಿ ಟೈಪ್ 1 ಮಕ್ಕಳದೊಂದು ದಿನದ ಕೂಟಕ್ಕೆ ಅಣ್ಣ ಕರೆದುಕೊಂಡು ಹೋಗಿದ್ದ. ಅದುವರೆಗೆ ಶಾಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದ ಹುಡುಗ. ಅಲ್ಲಿ ಊಟಕ್ಕೆ ಮುಂಚೆ ಮೂವತ್ತು ಮಕ್ಕಳು ಒಟ್ಟಿಗೆ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡರಂತೆ. ರಾತ್ರಿ ಮನೆಗೆ ಬಂದು ಅವನು ಹೇಳಿದ್ದು ಇಷ್ಟು: "ಅಮ್ಮ, ಅಲ್ಲಿ ಸೂಜಿ ಇಲ್ಲದೇ ಇರೋರೇ ಒಂಥರಾ ಕಾಣ್ತಿದ್ರು." ಆ ಕೂಟಕ್ಕೆ ಹೊರದೇಶದಿಂದ ಬಂದಿದ್ದ ಒಬ್ಬ ಹುಡುಗನೂ ಇದ್ದನಂತೆ. ಕನ್ನಡ ಬರುತ್ತಿರಲಿಲ್ಲ, ಇವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನು ತನ್ನ ಮೀಟರ್ ತೋರಿಸಿದ, ಇವನು ತನ್ನದು ತೋರಿಸಿದ. ಇಬ್ಬರದೂ ಜಾಸ್ತಿ ಇತ್ತು. ಇಬ್ಬರೂ ನಕ್ಕರು. "ಅವನ ಹೆಸರು ಮರೆತುಹೋಗಿದೆ ಅತ್ತೆ" ಅಂದ.

ಅತ್ತಿಗೆ ಪೂರ್ತಿ ಒಪ್ಪಿದ್ದಾರೆ ಅಂತಲ್ಲ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ತಾಲ್ಲೂಕಿನ ಶಾಲೆಗಳಿಗೆಲ್ಲ ಹೋಗಿ ಆ ಹಾಸಿಗೆ ಒದ್ದೆಯ ಚೀಟಿ ಅಂಟಿಸಿ ಬರಬೇಕು ಅನ್ನುವುದು ಅವರ ಷರತ್ತು. ಅವನು ಹೂಂ ಅಂದಿದ್ದಾನೆ. ಈಗ ಮನೆಯಲ್ಲಿ ದಿನಾ ವಿಡಿಯೊ ಕರೆಯಲ್ಲಿ ಸಾಮಾನು ಕಟ್ಟುವ ಚರ್ಚೆ. ಇನ್ಸುಲಿನ್ ಬೇಕಾದದ್ದಕ್ಕಿಂತ ಎರಡರಷ್ಟು ಇಟ್ಟುಕೋ, ಕೈಚೀಲದಲ್ಲೇ ಇಟ್ಟುಕೋ, ವಿಮಾನದ ಕೆಳಗಿನ ಡಬ್ಬದಲ್ಲಿ ಹಾಕಿದರೆ ಹೆಪ್ಪುಗಟ್ಟಿ ಕೆಡುತ್ತೆ, ವೈದ್ಯರ ಚೀಟಿ ಮರೀಬೇಡ. ಚಟ್ನಿಪುಡಿಯನ್ನು ಅಮೆರಿಕಕ್ಕೆ ಕೊರಿಯರ್ ಮಾಡುವ ಯೋಚನೆಯನ್ನು ಅಣ್ಣ ಕಷ್ಟಪಟ್ಟು ತಡೆದಿದ್ದಾನೆ.

ನಿನ್ನೆ ಸಂಜೆ ನಾನು ಹೋದಾಗ ಫೋನನ್ನು ಸಾಂಬಾರು ಪುಡಿ ಡಬ್ಬಿಗೆ ಒರಗಿಸಿಟ್ಟು ಅತ್ತಿಗೆ ಹುರುಳಿಕಾಯಿ ಸೋಸುತ್ತಿದ್ದರು. ಆ ಕಡೆಯಿಂದ ಅವನು ಸ್ಪ್ಯಾನಿಷ್ ಪಾಠ ಒಪ್ಪಿಸುತ್ತಿದ್ದ. ಬೆರಳು, ಸೂಜಿ, ಹಸಿವು, ತಲೆಸುತ್ತು. ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ: ಯೋ ತಂಬಿಯೆನ್, ಯೋ ತಂಬಿಯೆನ್.

"ಏನೋ ಹಾಗಂದ್ರೆ?" ಅತ್ತಿಗೆ ಕೇಳಿದರು.

"ನಂಗೂ ಇದೆ ಅಂತ ಹೇಳೋದಕ್ಕೆ, ಅಮ್ಮ."

ಅತ್ತಿಗೆ ಹುರುಳಿಕಾಯಿಯ ನಾರು ಎಳೆಯುತ್ತಲೇ ಕೇಳಿದರು, "ಇವತ್ತು ಊಟಕ್ಕೆ ಮುಂಚೆ ಎಷ್ಟಿತ್ತು?"